ಒಂದು ತಿಂಗಳ ಓದು

ಓದುವ ಅಭ್ಯಾಸವುಳ್ಳವರಲ್ಲಿ ಸಾಮಾನ್ಯವಾಗಿ ಎರಡು ಪಂಗಡಗಳುಂಟು. ಒಂದೇ ಬಗೆಯ ಪುಸ್ತಕಗಳನ್ನು ಆಳವಾಗಿ ಓದುವವರು ಒಂದು ಪಂಗಡ. ಕೈಗೆ ಸಿಕ್ಕಿದ್ದನ್ನೆಲ್ಲ ಓದುವವರು ಇನ್ನೊಂದು ಪಂಗಡ. ಮೊದಲನೆಯವರಿಗೆ ವಿದ್ವಾಂಸರೆಂಬ ಗೌರವ ಸಲ್ಲುತ್ತದೆ. ಎರಡನೆಯವರಿಗೆ ಹೆಚ್ಚೆಂದರೆ ಪುಸ್ತಕದ ಹುಳುಗಳೆಂಬ ಬಿರುದು. ಕನ್ನಡವನ್ನು ಪಾಠ ಹೇಳುವ ನನ್ನಂಥವರು ವೃತ್ತಿಯ ಕಟ್ಟಿಗೆ ಒಳಪಟ್ಟು ಬಹುಮಟ್ಟಿಗೆ ಮೊದಲ ಪಂಗಡದಲ್ಲಿಯೇ ಉಳಿಯುತ್ತೇವೆ. ವರ್ಷದ ಬಹುಭಾಗ ಪಠ್ಯವಾಗಿರುವ ಕಾವ್ಯ, ಆ ಕಾವ್ಯದ ಮೇಲಿನ ವಿಮರ್ಶೆ, ಆ ವಿಮರ್ಶೆಯ ಮೇಲೆ ವಿದ್ಯಾರ್ಥಿಗಳು ಬರೆದ ಉತ್ತರಗಳು, ಇಷ್ಟರಲ್ಲಿಯೇ ಕಣ್ಣು ಸವೆಯುತ್ತದೆ.

ಕಳೆದ ತಿಂಗಳು, ಕಾಲೇಜಿಗೆ ರಜವಿದ್ದಾಗ, ಈ ಕಟ್ಟನ್ನು ಬೇಕೆಂದೇ ಸಡಿಲಿಸಿ, ಸಾಹಿತ್ಯಪ್ರಕಾರಗಳ ಬೇಲಿಯನ್ನು ಲೆಕ್ಕಿಸದೆ ಓದಿದೆ. ಒಂದು ಶಾಸನ, ಒಂದು ದೊಡ್ಡ ಕಾದಂಬರಿ, ಒಂದು ಪ್ರಾಚೀನ ಶಾಸ್ತ್ರಗ್ರಂಥ, ಒಬ್ಬ ಸಸ್ಯವಿಜ್ಞಾನಿಯ ಬರೆಹ, ನಿಘಂಟಿನ ಕೆಲವು ಪುಟಗಳು, ಹಳಗನ್ನಡದ ಗದ್ಯಕಥೆಗಳು, ನಾಲ್ಕಾರು ಪತ್ತೇದಾರಿ ಕಾದಂಬರಿಗಳು, ವ್ಯಕ್ತಿಚಿತ್ರಗಳ ಒಂದೆರಡು ಸಂಪುಟಗಳು: ತಿಂಗಳ ಸಾಮಗ್ರಿ ಇಷ್ಟು. ಪಟ್ಟಿಯನ್ನು ವಾಚಕರ ಮುಂದೆ ಒಪ್ಪಿಸುವುದು ನನ್ನ ಉದ್ದೇಶವಲ್ಲ. ಹೀಗೆ ಓದುವಾಗ ಮನವರಿಕೆಯಾದ ಒಂದು ಸಂಗತಿ ನಮ್ಮ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸಂಬಂಧಪಟ್ಟದ್ದೆಂದು ತೋರಿದ್ದರಿಂದ ಈ ಲೇಖನ. ಸಾಹಿತ್ಯವೆಂಬ ಮಾತಿನ ಅರ್ಥವನ್ನು ನಾವು ಕವಿತೆ, ಕತೆ, ಕಾದಂಬರಿ, ನಾಟಕಗಳಿಗೆ ಕುಗ್ಗಿಸಿಬಿಟ್ಟಿದ್ದೇವೆ. ಇದರಿಂದ ನಷ್ಟವಾಗಿರುವುದು ಹೊರಗುಳಿದ ಪುಸ್ತಕಗಳಿಗೆ ಮಾತ್ರವಲ್ಲ. ಒಳಗೆ ಕುಳಿತಿರುವ ಕಾವ್ಯಕ್ಕೂ ಕಾದಂಬರಿಗೂ ಅಷ್ಟೇ ನಷ್ಟವಾಗಿದೆ. ಓದಿದ ಪುಸ್ತಕಗಳಿಂದಲೇ ಕೆಲವು ನಿದರ್ಶನಗಳನ್ನು ಕೊಟ್ಟು ಈ ಮಾತನ್ನು ಸಮರ್ಥಿಸಲು ಯತ್ನಿಸುತ್ತೇನೆ.

ಮೊದಲು ಶಾಸನವನ್ನೇ ತೆಗೆದುಕೊಳ್ಳೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಕ್ರಿ.ಶ. 949-50ರದು. ಚರಿತ್ರಕಾರರು ಅದನ್ನು ಮುಖ್ಯವೆಂದು ಎಣಿಸುವುದು ತಕ್ಕೋಲದ ಕಾಳಗದ ಸಾಕ್ಷ್ಯಕ್ಕಾಗಿ: ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ವಿಷಯ ಅದರಲ್ಲಿದೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ರಾಜರಿಗಾಗಿ ಅಲ್ಲ, ಒಂದು ನಾಯಿಗಾಗಿ. ಮಣಲೆರನೆಂಬ ವೀರನ ಪರಾಕ್ರಮವನ್ನು ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ದೇವಾಲಯದ ಮುಂದೆ ಕಲ್ಲು ನೆಟ್ಟು, ನಾಯಿಹಂದಿಗಳ ಕಾದಾಟವನ್ನು ಕೆತ್ತಿಸಿ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟು, ಪೂಜೆಯನ್ನು ತಪ್ಪಿಸಿದವರಿಗೆ ಪಾಪವೆಂದು ಎಚ್ಚರಿಸಿದರು. ಶಾಸನದ ಮಾತು ಬಲು ಮಿತವಾದುದು. ಅಳಲಿನ ಒಂದು ಪದವೂ ಅಲ್ಲಿಲ್ಲ.

ಅದೇ ವಾರದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮತ್ತೊಮ್ಮೆ ಓದುತ್ತಿದ್ದೆ. 1967ರಲ್ಲಿ ಪ್ರಕಟವಾದ ಈ ಕೃತಿಯ ಆರಂಭದಲ್ಲಿಯೇ ನಮಗೆ ಎದುರಾಗುವವನು ಗುತ್ತಿ. ಹುಲಿಯನೆಂಬ ನಾಯಿ ಸದಾ ಅವನ ಬೆನ್ನಹಿಂದೆ ಇರುವುದರಿಂದ ಜನ ಅವನನ್ನು ಕರೆಯುವುದೇ ನಾಯಿಗುತ್ತಿಯೆಂದು. ಕಾದಂಬರಿಯ ಕೊನೆಯ ಭಾಗದಲ್ಲಿ ತುಂಬಿ ಹರಿಯುವ ತುಂಗೆ ಹುಲಿಯನನ್ನು ಕೊಚ್ಚಿಕೊಂಡು ಹೋಗುತ್ತದೆ. ಶಾಸನ ಬಾಯಿಬಿಡದ ದುಃಖವೆಲ್ಲ ಇಲ್ಲಿ ಹರಿದುಬರುತ್ತದೆ. ಶಾಸನವನ್ನು ಓದದವನಿಗೆ ಹುಲಿಯನ ಮೇಲಿನ ಈ ಮಮತೆ ಕಾದಂಬರಿಕಾರನ ಭಾವುಕತೆಯೆಂದು ತೋರಬಹುದು. ಓದಿದವನಿಗೆ ಅದರ ಹಿಂದೆ ಸಾವಿರ ವರ್ಷದ ನೆಲದ ನಡವಳಿಕೆ ಕಾಣುತ್ತದೆ. ಹಾಗೆಯೇ ಕಾದಂಬರಿಯನ್ನು ಓದಿ ಶಾಸನಕ್ಕೆ ಮರಳಿದವನಿಗೆ ಆ ಕಲ್ಲಿನ ಮೌನ ಒಣ ಮೌನವಾಗಿ ಉಳಿಯುವುದಿಲ್ಲ. ಒಂದರಲ್ಲಿ ವೀರನ ಕೈಯಲ್ಲಿದ್ದ ನಾಯಿ, ಇನ್ನೊಂದರಲ್ಲಿ ಜೀತದಾಳಿನ ಬೆನ್ನಿಗಿದ್ದ ನಾಯಿ. ಹತ್ತನೆಯ ಶತಮಾನದಲ್ಲಿ ಕಲ್ಲು ಹಾಕಿಸುವ ಶಕ್ತಿಯಿದ್ದದ್ದು ಒಡೆಯನಿಗೆ ಮಾತ್ರ. ಗುತ್ತಿಯಂಥವನ ನಾಯಿಗೆ ಕಲ್ಲು ಹಾಕಿಸಲು ಒಬ್ಬ ಕಾದಂಬರಿಕಾರ ಬರಬೇಕಾಯಿತು. ಈ ವ್ಯತ್ಯಾಸ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗಲಲ್ಲದೆ ಹೊಳೆಯುವುದಿಲ್ಲ.

ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಇವುಗಳ ಪಕ್ಕದಲ್ಲಿ ಇಟ್ಟರೆ ನೆನಪಿನ ಮೂರನೆಯ ಮಾರ್ಗವೊಂದು ಕಾಣುತ್ತದೆ. ಎಂಟು ಸಂಪುಟಗಳ ಈ ಗ್ರಂಥಮಾಲೆಯಲ್ಲಿ ಮೈಸೂರಿನ ದಿವಾನರಿಗೆ ಒಂದು ಸಂಪುಟ ಮೀಸಲಾದರೆ ವೈದಿಕರಿಗೆ ಇನ್ನೊಂದು, ಕಲೋಪಾಸಕರಿಗೆ ಮತ್ತೊಂದು ಮೀಸಲು. ಇಲ್ಲಿ ಕಲ್ಲಿನ ಮಿತಭಾಷೆಯೂ ಇಲ್ಲ, ಕಾದಂಬರಿಯ ಸ್ವಾತಂತ್ರ್ಯವೂ ಇಲ್ಲ. ತಾನು ಕಂಡು ಬಲ್ಲ ಮನುಷ್ಯನ ನಡೆನುಡಿಯನ್ನು, ಉತ್ಪ್ರೇಕ್ಷೆಗೆ ಎಡೆಗೊಡದೆ, ಆದರೆ ಪ್ರೀತಿಯಿಂದ ಹೇಳುವ ಗದ್ಯ ಇದು. ಇಂಥ ಗದ್ಯಕ್ಕೆ ಬೇಕಾದ ಸಂಯಮ ಒಳ್ಳೆಯ ಕವಿತೆಗೆ ಬೇಕಾದ ಸಂಯಮಕ್ಕಿಂತ ಕಡಮೆಯದೆಂದು ನನಗೆ ಅನ್ನಿಸುವುದಿಲ್ಲ.

ಎರಡನೆಯ ನಿದರ್ಶನ ಅಡುಗೆಮನೆಯದು. ಕ್ರಿ.ಶ. 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ರಚಿಸಿದ. ‘ಚಾವುಂಡರಾಯಪುರಾಣ’ವನ್ನು ಬರೆದ ಚಾವುಂಡರಾಯ ಬೇರೆ, ಇವನು ಬೇರೆ. ಜ್ಯೋತಿಷ, ವಾಸ್ತು, ನೆಲದೊಳಗಣ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಪಾಕ, ವೈದ್ಯ, ಶಕುನ ಎಂದು ಸಂಸಾರಿಗೆ ಬೇಕಾದುದನ್ನೆಲ್ಲ ಅದರಲ್ಲಿ ಪದ್ಯರೂಪದಲ್ಲಿ ಅಡಕಮಾಡಿದ್ದಾನೆ. ಶಕುನ ಮೊದಲಾದ ಭಾಗಗಳನ್ನು ಇಂದಿನ ತಿಳಿವಳಿಕೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಗಮನಿಸಬೇಕಾದುದು, ಒಬ್ಬ ಕನ್ನಡ ಕವಿ ಮಾವಿನ ಗಿಡಕ್ಕೆ ಗೊಬ್ಬರ ಹಾಕುವುದನ್ನೂ ಅಡುಗೆಗೆ ಒಗ್ಗರಣೆ ಹಾಕುವುದನ್ನೂ ತನ್ನ ಕವಿತ್ವಕ್ಕೆ ಕುಂದೆಂದು ಭಾವಿಸಲಿಲ್ಲ ಎಂಬುದು.

‘ಲೋಕೋಪಕಾರ’ದ ಪಾಕಭಾಗವನ್ನು ಓದಿದ ಮೇಲೆ ನಾನು ತೆಗೆದುಕೊಂಡದ್ದು ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಸ್ವಾಮಿಯವರು ಡಿ.ವಿ.ಜಿ. ಅವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ನಾವು ಅನಾದಿಕಾಲದಿಂದ ನಮ್ಮದೆಂದು ನಂಬಿರುವ ಎಷ್ಟೋ ಆಹಾರಸಸ್ಯಗಳು ಅಮೆರಿಕ ಖಂಡದಿಂದ ಬಂದವೆಂಬುದನ್ನು ಹಾಸ್ಯದ ಲೇಪದೊಡನೆ ಅವರು ವಿವರಿಸುತ್ತಾರೆ. ಕೊಲಂಬಸ್ ಅಮೆರಿಕವನ್ನು ಮುಟ್ಟಿದ್ದು 1492ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಆ ಮೇಲೆಯೇ ಮೆಣಸಿನಕಾಯಿ ನಮ್ಮ ನಾಡಿಗೆ ಕಾಲಿಟ್ಟಿತು. ಆದ್ದರಿಂದ 1025ರ ಚಾವುಂಡರಾಯನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇಲ್ಲ. ಆಲೂಗಡ್ಡೆಯಿಲ್ಲ, ಟೊಮೇಟೊ ಇಲ್ಲ, ನೆಲಗಡಲೆಯಿಲ್ಲ. ಚಾಲುಕ್ಯರ ಕಾಲದ ಊಟಕ್ಕೆ ಖಾರವನ್ನು ಕೊಡುತ್ತಿದ್ದುದು ಕಪ್ಪು ಮೆಣಸು, ಶುಂಠಿ, ಸಾಸಿವೆಯಂಥವು. ಪ್ರಾಚೀನ ಕರ್ನಾಟಕದ ಕತೆ ಬರೆಯಹೊರಟು, ಅದರಲ್ಲಿ ಒಣಮೆಣಸಿನಕಾಯಿಯನ್ನು ಹುರಿಸುವ ಲೇಖಕರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇಲ್ಲಿಗೆ ನಿಘಂಟು ಬಂದು ಸೇರುತ್ತದೆ. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂತು. ಬೇಕಾದ ಪದವನ್ನು ಹುಡುಕಿ ಮುಚ್ಚಿಡುವ ಪುಸ್ತಕವೆಂದು ನಿಘಂಟನ್ನು ನಾವು ಭಾವಿಸುತ್ತೇವೆ. ಆದರೆ ಕಿಟೆಲ್ಲರ ಪುಟಗಳನ್ನು ಓದುತ್ತ ಕುಳಿತರೆ ಗಾದೆಗಳೂ ಪ್ರಯೋಗಗಳೂ ಒಂದರ ಮೇಲೊಂದು ಬಂದು ಅದು ಒಂದು ಜನಜೀವನದ ಗ್ರಂಥವೇ ಆಗಿಬಿಡುತ್ತದೆ. ‘ಮೆಣಸು’ ಎಂಬುದು ನಮ್ಮಲ್ಲಿ ಮೊದಲಿನಿಂದಿದ್ದ ಕಪ್ಪು ಮೆಣಸಿನ ಹೆಸರು. ಕಡಲಾಚೆಯಿಂದ ಬಂದ ಹೊಸ ಕಾಯಿಗೆ ಕನ್ನಡಿಗರು ಹೊಸ ಹೆಸರನ್ನು ಎರವಲು ತರಲಿಲ್ಲ; ಖಾರದ ಗುಣ ನೋಡಿ ‘ಮೆಣಸಿನಕಾಯಿ’ ಎಂದು ತಮ್ಮ ಹಳೆಯ ಪದದ ಬೆನ್ನಿಗೇ ಕಟ್ಟಿದರು. ಕಡಲೆಯಿದ್ದ ಮನೆಗೆ ಬಂದ ಹೊಸಬನಿಗೆ ‘ನೆಲಗಡಲೆ’ ಎಂದರು. ಪಾರಿಭಾಷಿಕ ಪದಗಳನ್ನು ಹೇಗೆ ಕಟ್ಟಬೇಕೆಂದು ನಾವು ಸಮಿತಿಗಳಲ್ಲಿ ಚರ್ಚಿಸುತ್ತೇವೆ; ನಮ್ಮ ರೈತರೂ ಗೃಹಿಣಿಯರೂ ಅದನ್ನು ಯಾವ ಸಮಿತಿಯೂ ಇಲ್ಲದೆ ಮಾಡಿ ಮುಗಿಸಿದ್ದರು. ಶಾಸ್ತ್ರಗ್ರಂಥ, ವಿಜ್ಞಾನಿಯ ಬರೆಹ, ನಿಘಂಟು ಈ ಮೂರನ್ನೂ ಒಟ್ಟಿಗೆ ಓದಿದಾಗ ಮಾತ್ರ ಈ ಪುಟ್ಟ ಪದದೊಳಗಿನ ಐನೂರು ವರ್ಷದ ಚರಿತ್ರೆ ತೆರೆದುಕೊಳ್ಳುತ್ತದೆ.

ಮೂರನೆಯ ನಿದರ್ಶನವನ್ನು ಕೇಳಿ ಪಂಡಿತರು ಮುನಿಸಿಕೊಳ್ಳಬಹುದು. ಹತ್ತನೆಯ ಶತಮಾನದ ಕೃತಿಯೆಂದು ಸಾಮಾನ್ಯವಾಗಿ ಒಪ್ಪಿರುವ ‘ವಡ್ಡಾರಾಧನೆ’ಯನ್ನೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನೂ ನಾನು ಒಂದೇ ವಾರದಲ್ಲಿ ಓದಿದೆ. ಮೊದಲನೆಯದು ಹತ್ತೊಂಬತ್ತು ಕಥೆಗಳ ಜೈನ ಗ್ರಂಥ, 1949ರಲ್ಲಿ ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆಯಿಂದ ನಮಗೆ ಅದು ಸೊಗಸಾಗಿ ದೊರೆಯಿತು. ಎರಡನೆಯವರು ಹೆಚ್ಚಿನ ಶಾಲಾವಿದ್ಯಾಭ್ಯಾಸವಿಲ್ಲದೆ ಐನೂರಕ್ಕೂ ಮೇಲ್ಪಟ್ಟು ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದವರು. ಎರಡಕ್ಕೂ ಗುಣದಲ್ಲಿ ಸಾಮ್ಯವುಂಟೆಂದು ನಾನು ಹೇಳುತ್ತಿಲ್ಲ. ಆದರೆ ಕತೆಯ ಕುತೂಹಲ ಹೇಗೆ ಕೆಲಸಮಾಡುತ್ತದೆಂಬುದನ್ನು ಈ ಎರಡೂ ಸೇರಿ ತೋರಿಸುವಷ್ಟು ಸ್ಪಷ್ಟವಾಗಿ ಯಾವ ವಿಮರ್ಶಾಗ್ರಂಥವೂ ನನಗೆ ತೋರಿಸಿಲ್ಲ.

ಪತ್ತೇದಾರಿ ಕಾದಂಬರಿಯಲ್ಲಿ ಕಾರ್ಯ ಮೊದಲು ಕಾಣುತ್ತದೆ, ಕಾರಣ ಮರೆಯಾಗಿರುತ್ತದೆ. ಕೊಲೆ ನಡೆದಿದೆ, ಮಾಡಿದವರಾರು, ಏಕೆ ಮಾಡಿದರು ಎಂಬುದಕ್ಕಾಗಿ ನಾವು ಪುಟಗಳನ್ನು ಹಾರಿಸುತ್ತ ಓಡುತ್ತೇವೆ. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯಲ್ಲಿ ಇದು ತಲೆಕೆಳಗು. ಹಿಂದಣ ಭವವೊಂದರಲ್ಲಿ ವಾಯುಭೂತಿ ತನ್ನ ಅತ್ತಿಗೆಯನ್ನು ಕಾಲಿನಿಂದ ಒದೆಯುತ್ತಾನೆ. ಆ ಕಾಲನ್ನೇ ತಿನ್ನುವೆನೆಂದು ಅವಳು ಸಂಕಲ್ಪ ಮಾಡುತ್ತಾಳೆ. ಕಾರಣ ನಮಗೆ ತಿಳಿದುಹೋಯಿತು. ಅನಂತರ ಭವದಿಂದ ಭವಕ್ಕೆ ಕಥೆ ನಡೆಯುತ್ತದೆ. ವಾಯುಭೂತಿಯ ಜೀವ ಉಜ್ಜೇನಿಯಲ್ಲಿ ಸುಕುಮಾರನಾಗಿ ಹುಟ್ಟುತ್ತದೆ; ಸಾಸಿವೆಯ ಕಾಳು ಒತ್ತಿದರೆ ನೋಯುವಷ್ಟು, ದೀಪದ ಬೆಳಕಿಗೆ ಕಣ್ಣೀರು ಬರುವಷ್ಟು ಕೋಮಲ ಶರೀರ ಅವನದು. ಆ ಶರೀರದ ವರ್ಣನೆಯನ್ನು ಓದುತ್ತಿರುವಾಗಲೇ ಹಿಂದಿನ ಆ ಸಂಕಲ್ಪ ನಮ್ಮ ಮನಸ್ಸಿನ ಮೂಲೆಯಲ್ಲಿ ಕುಳಿತು ಅಂಜಿಸುತ್ತಿರುತ್ತದೆ. ಕೊನೆಗೆ ಅವನು ತಪಸ್ಸಿಗೆ ನಿಂತಾಗ ಆ ಹೆಣ್ಣು ನರಿಯಾಗಿ ಮರಿಗಳೊಡನೆ ಬಂದು ಅವನನ್ನು ಕಾಲಿನಿಂದ ತೊಡಗಿ ಮೂರು ರಾತ್ರಿ ತಿನ್ನುತ್ತದೆ, ಅವನು ಅಲುಗುವುದಿಲ್ಲ. ಪತ್ತೇದಾರಿ ಕಾದಂಬರಿಯ ಪ್ರಶ್ನೆ ‘ಯಾರು?’ ಎಂಬುದಾದರೆ ಇಲ್ಲಿನ ಪ್ರಶ್ನೆ ‘ಎಂದು?’ ಎಂಬುದು. ಮೊದಲನೆಯದಕ್ಕೆ ಉತ್ತರ ಸಿಕ್ಕೊಡನೆ ಪುಸ್ತಕದ ಕೆಲಸ ಮುಗಿಯುತ್ತದೆ. ಎರಡನೆಯದಕ್ಕೆ ಉತ್ತರ ಸಿಕ್ಕ ಮೇಲೆ ನಮ್ಮ ಕೆಲಸ ಆರಂಭವಾಗುತ್ತದೆ: ಇಂಥ ನೋವನ್ನು ಒಬ್ಬನು ಹೇಗೆ ಸೈರಿಸಿದ, ಸೈರಿಸಿದ್ದು ಸರಿಯೇ, ಒದೆಸಿಕೊಂಡವಳಿಗೆ ಮಾತ್ರ ಬಿಡುಗಡೆಯಿಲ್ಲವೇಕೆ ಎಂಬ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ‘ವಡ್ಡಾರಾಧನೆ’ ದೊಡ್ಡದೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಏಕೆ ದೊಡ್ಡದೆಂಬುದನ್ನು ವಿದ್ಯಾರ್ಥಿಗೆ ಮನಗಾಣಿಸಲು ಅವನು ಈಗಾಗಲೇ ಬಲ್ಲ ಪತ್ತೇದಾರಿ ಕತೆಯೇ ಒಳ್ಳೆಯ ಒರೆಗಲ್ಲು.

ಈ ಮೂರು ನಿದರ್ಶನಗಳಿಂದ ನಾನು ಹೇಳಬಯಸುವುದು ಇಷ್ಟು. ಒಂದು ಪ್ರಕಾರದ ಶಕ್ತಿ ಏನೆಂಬುದು ಇನ್ನೊಂದು ಪ್ರಕಾರದ ನೆರೆಯಲ್ಲಿ ತಿಳಿಯುತ್ತದೆ. ಕೇವಲ ಕಾದಂಬರಿಗಳನ್ನೇ ಓದುವವನಿಗೆ ಕಾದಂಬರಿಯೂ ಪೂರ್ಣವಾಗಿ ದಕ್ಕುವುದಿಲ್ಲ. ‘ಮಲೆಗಳಲ್ಲಿ ಮದುಮಗಳು’ ನಿಂತಿರುವುದು ಭಾವದ ಮೇಲೆ ಮಾತ್ರವಲ್ಲ. ಕಾಡಿನ ಗಿಡ, ಹಕ್ಕಿ, ಬೇಟೆ, ಗದ್ದೆಯ ಕೆಲಸ, ಜಾತಿಕಟ್ಟಳೆ, ಕಾಯಿಲೆಗಳ ಬಗೆಗಿನ ಖಚಿತವಾದ ತಿಳಿವಿನ ಮೇಲೆ. ಆ ತಿಳಿವಿನ ಮಾತುಗಳು ಭಾಷೆಯಿಂದ ಜಾರಿಹೋದರೆ ಅಂಥ ಕಾದಂಬರಿಯನ್ನು ಬರೆಯುವವರೂ ಹುಟ್ಟುವುದಿಲ್ಲ, ಓದುವವರೂ ಉಳಿಯುವುದಿಲ್ಲ.

ನಮ್ಮ ಪೂರ್ವಿಕರಿಗೆ ಈ ಬೇಲಿ ಇಷ್ಟು ಎತ್ತರವಾಗಿರಲಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಪದ್ಯಕಾರರನ್ನು ಹೆಸರಿಸಿದಂತೆಯೇ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಗದ್ಯಕಾರರನ್ನೂ ಹೆಸರಿಸುತ್ತದೆ. ಅವರ ಗದ್ಯ ನಮಗೆ ಉಳಿದುಬಂದಿಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಬರೆದ, ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದ, ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದ. ಈಚಿನ ಕಾಲಕ್ಕೆ ಬಂದರೂ, ಕೇಂದ್ರ ಸಾಹಿತ್ಯ ಅಕಾಡೆಮಿಯ ಕನ್ನಡ ಪ್ರಶಸ್ತಿ 1956ರಲ್ಲಿ ರಂ.ಶ್ರೀ. ಮುಗಳಿಯವರ ಸಾಹಿತ್ಯಚರಿತ್ರೆಗೂ, 1959ರಲ್ಲಿ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೂ, 1978ರಲ್ಲಿ ಸ್ವಾಮಿಯವರ ‘ಹಸುರು ಹೊನ್ನು’ ಎಂಬ ಸಸ್ಯಲೋಕದ ಪುಸ್ತಕಕ್ಕೂ ಸಂದಿತು. ಕಾರಂತರ ಮಾತನ್ನೇ ನೋಡಿ. ‘ಚೋಮನ ದುಡಿ’ಯ ಹೆಸರು ಕೇಳದ ಕನ್ನಡ ವಿದ್ಯಾರ್ಥಿಯಿಲ್ಲ. ಅದೇ ಲೇಖನಿ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನೂ, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಬರೆಯಿತು. ಅವುಗಳನ್ನು ತೆರೆದು ನೋಡಿದ ಎಂ.ಎ. ವಿದ್ಯಾರ್ಥಿಗಳು ಎಷ್ಟು ಮಂದಿ ಎಂದು ಯಾವ ತರಗತಿಯಲ್ಲಿ ಬೇಕಾದರೂ ಕೇಳಬಹುದು.

ಇದರ ಪರಿಣಾಮವನ್ನು ನಾವು ದಿನವೂ ಕಾಣುತ್ತಿದ್ದೇವೆ. ಮರುಗುವುದು, ನಲಿಯುವುದು, ಪ್ರೀತಿಸುವುದು ಕನ್ನಡದಲ್ಲಿ. ತಿಳಿಯುವುದು, ಲೆಕ್ಕಹಾಕುವುದು, ವಾದಿಸುವುದು ಇಂಗ್ಲಿಷಿನಲ್ಲಿ. ಹೀಗೊಂದು ಪಾಲುಪಾರಿಕತ್ತು ನಮ್ಮ ಯುವಕರ ಮನಸ್ಸಿನಲ್ಲಿ ನಡೆದುಹೋಗಿದೆ. ಇದಕ್ಕೆ ಸರ್ಕಾರವನ್ನೂ ಶಾಲೆಯ ಮಾಧ್ಯಮವನ್ನೂ ದೂರುವುದು ವಾಡಿಕೆ. ಆ ದೂರಿನಲ್ಲಿ ನಿಜವಿಲ್ಲವೆಂದಲ್ಲ. ಆದರೆ ಕನ್ನಡ ವಿಭಾಗಗಳೇ ಕನ್ನಡವೆಂದರೆ ಕವಿತೆ ಮತ್ತು ಕತೆಯೆಂದು ಕಲಿಸುತ್ತಿದ್ದರೆ, ಉಳಿದ ವಿಭಾಗಗಳು ಕನ್ನಡಕ್ಕೆ ಬೇರೆ ಕೆಲಸ ಕೊಡಲಿಲ್ಲವೆಂದು ಹೇಗೆ ಆಕ್ಷೇಪಿಸುವುದು? ಓದುಗರು ಕೇಳದ ಪುಸ್ತಕವನ್ನು ಲೇಖಕರು ಬಹುಕಾಲ ಬರೆಯುವುದಿಲ್ಲ, ಪ್ರಕಾಶಕರಂತೂ ಅಚ್ಚುಹಾಕುವುದಿಲ್ಲ.

ಹತ್ತು ಹೊಲದಲ್ಲಿ ಮೇಯುವ ಹಸು ಯಾವ ಹೊಲದಲ್ಲಿಯೂ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ ಎಂದು ಕೆಲವರು ಹೇಳಬಹುದು. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಚದುರಿದ ಓದು ಬುದ್ಧಿಯನ್ನೂ ಚದುರಿಸುವುದುಂಟು. ‘ಪಂಪಭಾರತ’ದಂಥ ಕಾವ್ಯಕ್ಕೆ ವರ್ಷಗಳ ಏಕಾಗ್ರತೆ ಬೇಕು, ಒಂದು ವಾರದ ಬಿಡುವಿನಲ್ಲಿ ಅದನ್ನು ಮುಗಿಸುವವನು ಅದನ್ನು ಓದಿದವನಲ್ಲ. ಆದರೆ ಆಳವೆಂಬುದು ಒಂದೇ ಕಡೆ ತೋಡುವುದರಿಂದ ಮಾತ್ರ ಬರುವುದಿಲ್ಲ. ಪಂಪನ ಬನವಾಸಿಯ ವರ್ಣನೆಯಲ್ಲಿ ಬರುವ ಗಿಡಬಳ್ಳಿಗಳನ್ನು ಕಣ್ಣಿನಿಂದ ಗುರುತಿಸಬಲ್ಲ ವಿದ್ಯಾರ್ಥಿ, ಅವುಗಳ ಹೆಸರಿಗೆ ‘ಒಂದು ಜಾತಿಯ ಹೂ’ ಎಂದು ಅರ್ಥ ಬರೆದು ಮುಂದೆ ಸಾಗುವ ವಿದ್ಯಾರ್ಥಿಗಿಂತ ಪಂಪನಿಗೆ ಹತ್ತಿರವಾಗಿರುತ್ತಾನೆ. ಆ ಹತ್ತಿರವನ್ನು ಕೊಡಬಲ್ಲದ್ದು ಇನ್ನೊಂದು ವಿಮರ್ಶೆಯಲ್ಲ, ಸ್ವಾಮಿಯವರಂಥವರ ಪುಸ್ತಕ. ಓದು ಚದುರುವುದು ಪುಸ್ತಕಗಳ ಬಗೆ ಹೆಚ್ಚಾದಾಗ ಅಲ್ಲ, ಅವುಗಳ ನಡುವೆ ಸಂಬಂಧವನ್ನು ಹುಡುಕದೆ ಬಿಟ್ಟಾಗ.

ಎಲ್ಲ ಪ್ರಕಾರಗಳೂ ಸಮವೆಂದು ವಾದಿಸಿ ರುಚಿಯ ತಾರತಮ್ಯವನ್ನು ಕೆಡಿಸುವ ಇಚ್ಛೆಯೂ ನನಗಿಲ್ಲ. ಓದಿದ ಪತ್ತೇದಾರಿ ಕಾದಂಬರಿಗಳಲ್ಲಿ ಯಾವುದನ್ನೂ ನಾನು ಎರಡನೆಯ ಸಲ ಓದಲಾರೆ. ಸುಕುಮಾರಸ್ವಾಮಿಯ ಕಥೆಯನ್ನು ಎಷ್ಟು ಸಲ ಓದಿದರೂ ಮುಗಿಯದು. ಆದರೆ ತಾರತಮ್ಯಜ್ಞಾನ ಬರುವುದು ಎರಡನ್ನೂ ಬಲ್ಲವನಿಗೇ ಹೊರತು ಒಂದನ್ನು ಮುಟ್ಟದೆ ಇದ್ದವನಿಗಲ್ಲ.

ಕೊನೆಗೆ ಒಂದು ಚಿಕ್ಕ ಸಲಹೆ. ಪಠ್ಯಕ್ರಮವನ್ನು ಬದಲಾಯಿಸುವುದು ನನ್ನಂಥವರ ಕೈಯಲ್ಲಿಲ್ಲ. ಬದಲಾದರೂ ಪರೀಕ್ಷೆಗೆ ಸೇರಿದ ಪುಸ್ತಕ ಮರುದಿನವೇ ಮಾರ್ಗದರ್ಶಿಕೆಯಾಗಿ ಸೊರಗುತ್ತದೆ. ಆದ್ದರಿಂದ ಇದು ಪರೀಕ್ಷೆಯ ಹೊರಗೇ ಇರಲಿ. ಕನ್ನಡವನ್ನು ಐಚ್ಛಿಕವಾಗಿ ಓದುವ ಪ್ರತಿ ವಿದ್ಯಾರ್ಥಿಯೂ ರಜದ ಒಂದು ತಿಂಗಳಲ್ಲಿ ನಾಲ್ಕು ಪುಸ್ತಕಗಳನ್ನು ಓದಲಿ: ಐನೂರು ವರ್ಷಕ್ಕೆ ಹಿಂದಿನದು ಒಂದು, ಗಿಡ, ಪ್ರಾಣಿ, ನಕ್ಷತ್ರ, ಕಾನೂನು, ಆರೋಗ್ಯ ಹೀಗೆ ಯಾವುದಾದರೂ ತಿಳಿವನ್ನು ಕನ್ನಡದಲ್ಲಿ ಹೇಳುವುದು ಒಂದು, ಬದುಕಿದ್ದ ಮನುಷ್ಯರನ್ನು ಕುರಿತದ್ದು ಒಂದು, ಬರಿಯ ಸಂತೋಷಕ್ಕಾಗಿ ತಾನೇ ಆರಿಸಿಕೊಂಡದ್ದು ಒಂದು. ಕಾಲೇಜು ತೆರೆದ ಮೇಲೆ ಹತ್ತು ನಿಮಿಷ ಎದ್ದುನಿಂತು, ಈ ನಾಲ್ಕರಲ್ಲಿ ಯಾವ ಎರಡು ಪುಸ್ತಕಗಳು ಒಂದನ್ನೊಂದು ಮಾತನಾಡಿಸಿದವು ಎಂಬುದನ್ನು ಗೆಳೆಯರಿಗೆ ಹೇಳಲಿ. ಅಂಕವೂ ಬೇಡ, ಬಹುಮಾನವೂ ಬೇಡ. ಅಧ್ಯಾಪಕರೂ ತಾವು ಓದಿದ ನಾಲ್ಕು ಪುಸ್ತಕಗಳನ್ನು ಕುರಿತು ಅದೇ ಸಾಲಿನಲ್ಲಿ ನಿಂತು ಮಾತನಾಡಲಿ. ಹಲವು ಗ್ರಂಥಾಲಯಗಳಲ್ಲಿ ‘ವಿಜ್ಞಾನ ಪ್ರಪಂಚ’ದಂಥ ಸಂಪುಟಗಳು ಧೂಳು ಹೊತ್ತು ಕುಳಿತಿರುವುದನ್ನು ಬಲ್ಲವರಿಗೆ ಈ ಯೋಜನೆಗೆ ಹೆಚ್ಚಿನ ಹಣವೇನೂ ಬೇಕಾಗಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ವರ್ಷದ ತರಗತಿಗಳು ತೆರೆದೊಡನೆ ನನ್ನ ವಿದ್ಯಾರ್ಥಿಗಳೊಡನೆ ಇದನ್ನು ಆರಂಭಿಸಬೇಕೆಂದಿದ್ದೇನೆ. ಬೇರೆ ಊರುಗಳ ಅಧ್ಯಾಪಕ ಮಿತ್ರರೂ ಕೈಗೂಡಿಸಿದರೆ ಸಂತೋಷ.